ನಕ್ಷೆಯಲ್ಲಿಲ್ಲದ ಪತಂಗ

ಚಿಬುಂಡ ಹಳ್ಳಿ, ಜಾಂಬಿಯಾ
ಅಕ್ಟೋಬರ್ ೨೯

ಅರಣ್ಯಾಧಿಕಾರಿ ಲುಬಾಂಬೋ ಅವರಿಗೆ ದೇವರ ಹೆಸರಿನಲ್ಲಿ ವಂದನೆಗಳು.

ನಮ್ಮ ಗುಡ್ಡದಲ್ಲಿ ಮುಂಪ ಹುಳುವಿನ ಪತಂಗವೇ ಇಲ್ಲವೆಂದು ನೀವು ನಕ್ಷೆಯಲ್ಲಿ ಗುರುತು ಹಾಕಿದಿರಿ. ಅದನ್ನು ನಂಬಿ ಇದ್ದಿಲು ಸುಡುವವರಿಗೆ ಮರ ಕಡಿಯಲು ಅಪ್ಪಣೆ ಸಿಕ್ಕಿದೆ. ಸೋಮವಾರ ಕೊಡಲಿ ಹಿಡಿದು ಬರುತ್ತಾರಂತೆ. ಮರ ಹೋದರೆ ಅದರ ಮೇಲಿನ ಮೊಟ್ಟೆ ಹೋಯಿತು, ನಾವು ಒಣಗಿಸಿಟ್ಟು ವರ್ಷವಿಡೀ ತಿನ್ನುವ ಹುಳುವೂ ಹೋಯಿತು.

ಅರ್ಧ ತಪ್ಪು ನಿಮ್ಮದು. ಅಕ್ಟೋಬರಿನ ಮೊದಲ ಮಳೆಗೆ ಏಳುವ ಪತಂಗವನ್ನು ಹನಿ ಮಳೆಯಿಲ್ಲದ ಆಗಸ್ಟಿನಲ್ಲಿ ಹುಡುಕಿದಿರಿ. ಉಳಿದರ್ಧ ನಮ್ಮದು. ಹುಳು ಬಂದಿದೆಯೆಂದು ನಮ್ಮ ಸೀಮೆಯ ಒಡೆಯರು ಡಂಗುರ ಹೊಡೆಸುವ ಮೊದಲೇ ಬಾಯಿಬಿಟ್ಟು ಅದರ ಸುದ್ದಿ ಎತ್ತಿದರೆ ಅದು ಗುಡ್ಡ ಬಿಟ್ಟು ಹೋಗುತ್ತದೆಂದು ನಮ್ಮವರ ನಂಬಿಕೆ. ಅದಕ್ಕೇ ನೀವು ಕೇಳಿದಾಗ ಊರೆಲ್ಲ ಇಲ್ಲ ಎಂದಿತು. ಬೈಬಲ್ ಹಿಡಿದು ಚರ್ಚಿನಿಂದ ಬರುತ್ತಿದ್ದ ನಾನೂ ಇಲ್ಲ ಎಂದೆ. ದೇವರು ಕ್ಷಮಿಸಲಿ.

ನಿನ್ನೆ ಊರ ಹಿರಿಯ ಕಪೆಂಬ್ವಾ ಅವರ ಬಳಿ ಹೋಗಿ, "ಅಪ್ಪಾ, ಈಗಲಾದ್ರೂ ಆ ಸಾಹೇಬರಿಗೆ ನಿಜ ಹೇಳಿ," ಎಂದೆ.

"ಯಾವ ನಿಜ ತಾಯಿ? ನನ್ನ ಕಣ್ಣಿಗೇನೂ ಬಿದ್ದಿಲ್ಲಮ್ಮ," ಎಂದರು. ಅಂಗೈಯಗಲದ, ಒಣ ಎಲೆಯ ಬಣ್ಣದ ಪತಂಗ, ಹಿಂದಿನ ರೆಕ್ಕೆಗಳಲ್ಲಿ ಕಣ್ಣಿನಂಥ ದುಂಡು ಬೊಟ್ಟು ತೋರಿಸಿಕೊಂಡು ಅವರ ಟೋಪಿಯ ಮೇಲೆಯೇ ಕೂತಿತ್ತು.

ನನಗೆ ಸಾಕಾಗಿದೆ. ದಯವಿಟ್ಟು ಭಾನುವಾರದೊಳಗೆ ಬಂದು ಪತಂಗ ಮೊಟ್ಟೆಯಿಡುವ ಮುಟೊಂಡೊ ಮರದ ಎಲೆ ಮಗುಚಿ ನೋಡಿ. ಬರೆಯಬಾರದೆಂದು ಹಿರಿಯರು ಎಲ್ಲೂ ಹೇಳಿಲ್ಲ, ಆದ್ದರಿಂದ ಬರೆದಿದ್ದೇನೆ. ಬಂದಾಗ ಮಾತ್ರ ಯಾರನ್ನೂ ಏನೂ ಕೇಳಬೇಡಿ. ಕೇಳಿದರೆ ನಾನೂ ಇಲ್ಲವೆಂದೇ ಹೇಳಬೇಕಾಗುತ್ತದೆ.

ಇಂತಿ,
ಫೆಲಿಸ್ತಾ ಕುಂಡ
ಚರ್ಚಿನ ಮಹಿಳಾ ಸಂಘ