ಮಾರ್ಲಾಮಿ ಹಬ್ಬದ ಮಾರನೇ ದಿನ ಟೆಸ್ಟು

ಊಟಕ್ಕೆ ಯಾವತ್ತೂ ತಡವಾಗಿಯೇ ಬರುತ್ತಿದ್ದ ಅಪ್ಪನಿಗೆ,

ನಿನ್ನ ಮಗಳು ಹೆದರಿದ್ದಾಳೆ. ಈ ಮಾತನ್ನು ಬದುಕಿರುವವರ ಹತ್ತಿರ ಹೇಳುವ ಹಾಗಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನೀನು ಹೋದ ಮೇಲೆ ನಾನು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಟಾರ್ಪಾಲು ಕಟ್ಟಿಕೊಂಡು ಎರಡು ವರ್ಷ ತರಕಾರಿ ಮಾರಿದೆ. ಕೇರಳದ ಕಾರು ನಿಂತರೆ ಮಲಯಾಳಂ, ಬೆಂಗಳೂರಿನ ಕಾರು ನಿಂತರೆ ನಾಜೂಕು ಕನ್ನಡ. ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿ ಕೇಳಲು ನಿಂತವರೂ ಒಂದು ಕಟ್ಟು ಮೂಲಂಗಿ ಹಿಡಿದುಕೊಂಡೇ ಹೋಗುತ್ತಿದ್ದರು. ಅಂಥ ಬಾಯಿ ಇರುವವಳು ಈಗ ಚಾಮರಾಜನಗರದಲ್ಲಿ ಬಿ.ಎಸ್ಸಿ. ಮೊದಲನೇ ವರ್ಷ. ಹಾಜರಿ ಕೂಗಿದಾಗ ‘ಎಸ್ ಸಾರ್’ ಅನ್ನುವುದಕ್ಕೂ ನಾನು ಹೆದರುತ್ತೇನೆ ಅಂದರೆ ಅವ್ವ ನಂಬುತ್ತಾಳಾ?

ನಿನ್ನ ಗೂಡ್ಸ್ ಗಾಡಿಯಲ್ಲಿ ಪುಣಜನೂರಿಗೆ ಗೊಬ್ಬರ ಸಾಗಿಸಿದ ದಿನ ನೆನಪಾಗುತ್ತದೆ. ಸ್ಕೂಲಿಗೆ ರಜೆ ಅಂತ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಅಂಗಡಿಯವನು ಇನ್ನೆರಡು ಮೂಟೆ ಹಾಕು, ನಿನ್ನ ಗಾಡಿ ತಡೆಯುತ್ತದೆ ಎಂದು ದುಂಬಾಲು ಬಿದ್ದ. ನೀನು ಟೈರನ್ನು ಕಾಲಲ್ಲಿ ಒತ್ತಿ ನೋಡಿ, ಆಗಲ್ಲ ಅಂದುಬಿಟ್ಟೆ. ಹೊರಟ ಮೇಲೆ ಯಾಕೆ ಬೇಡ ಅಂದೆ ಎಂದು ಕೇಳಿದ್ದಕ್ಕೆ ಹೇಳಿದೆಯಲ್ಲ, “ಏರು ಹತ್ತದೇನೋ ಹತ್ತುತದೆ. ಇಳಿಜಾರ್ನಲ್ಲಿ ನಿಲ್ಲಕಿಲ್ಲ ಕಣಮ್ಮಿ.” ನನ್ನ ಮೇಲೆ ಹೇರಿರುವ ಮೂಟೆಗಳನ್ನು ನೋಡಿ ಸಾಕು ಅನ್ನುವವರು ಯಾರು? ನನ್ನ ಟೈರು ಎಲ್ಲಿದೆ ಅಂತಲೇ ನನಗೆ ಗೊತ್ತಿಲ್ಲ.

ಕಾಲೇಜಿನ ಮೊದಲ ವಾರ ಟೈಂಟೇಬಲ್ ನೋಡಿ, ಇಷ್ಟೇನಾ ಅಂದುಕೊಂಡಿದ್ದೆ. ಕಣ್ಣಳತೆಯಲ್ಲಿ ರಾಶಿಯ ತೂಕ ಹೇಳುತ್ತಿದ್ದವಳಿಗೆ ಇಲ್ಲಿ ಅಂದಾಜು ತಪ್ಪಿತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಇಡೀ ರಸ್ತೆಯಲ್ಲಿ ತಮ್ಮದೊಂದೇ ಅಂಗಡಿ ಅನ್ನುವ ಹಾಗೆ ಒಬ್ಬೊಬ್ಬರೂ ಅಸೈನ್‌ಮೆಂಟ್ ಕೊಡುತ್ತಾರೆ. ಈ ವಾರ ಲ್ಯಾಬಿನಲ್ಲಿ ಮಾಡಿದ್ದನ್ನು ಮುಂದಿನ ಲ್ಯಾಬಿಗೆ ಮೊದಲೇ ರೆಕಾರ್ಡಿನಲ್ಲಿ ಬರೆದು ಸಹಿ ಹಾಕಿಸಬೇಕು. ಒಂದು ತಪ್ಪಿದರೆ ಅದರ ತಲೆಯ ಮೇಲೆ ಮುಂದಿನದು ಬಂದು ಕೂರುತ್ತದೆ. ಪುಸ್ತಕವೆಲ್ಲ ಇಂಗ್ಲಿಷ್. ಬಸ್ಸಿನಲ್ಲಿ ಓದೋಣ ಅಂದರೆ ತೆರಕಣಾಂಬಿ ದಾಟುವವರೆಗೆ ಒಂಟಿ ಕಾಲಿನಲ್ಲಿ ನಿಂತಿರಬೇಕು. ಎಲ್ಲರ ಹಾಗೆ ನಾನೂ ಪಕ್ಕದವಳ ರೆಕಾರ್ಡು ನೋಡಿ ಬರೆದೆ. ಅಕ್ಷರ ಮುತ್ತಿನಂತಿತ್ತು. ತಲೆಗೆ ಹೋದದ್ದು ಮಾತ್ರ...

ಮೊದಲನೇ ಟೆಸ್ಟಿನ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನೀನು ಆಸ್ಪತ್ರೆಯಲ್ಲಿ ಮಲಗಿದ್ದ ದಿನದ ಹಾಗೆಯೇ ಅಂಗೈ ತಣ್ಣಗಾಯಿತು. ಗಣಿತದಲ್ಲಿ ನನ್ನ ಹೆಸರು ಬಿಟ್ಟರೆ ಸರಿಯಾಗಿ ಬರೆದದ್ದು ಇನ್ನೇನೂ ಇರಲಿಲ್ಲ. ಪೇಪರು ಕೊಡುವಾಗ ಸಾರ್ ಬಯ್ಯಲಿಲ್ಲ. “ಕ್ಲಾಸಿಗೆ ಬಂದಿದ್ದೆ ಅಲ್ವಾಮ್ಮ?” ಎಂದು ನಿಜವಾಗಿಯೂ ಅನುಮಾನದಿಂದ ಕೇಳಿದರು. ಬೈದಿದ್ದರೆ ಮಾತಿಗೆ ಮಾತು ಕೊಡುತ್ತಿದ್ದೆ. ದಿನಾ ಬಂದಿದ್ದೆ, ಅದೇ ಅಲ್ಲವೇ ಭಯ?

ಆ ಸಂಜೆಯೇ ಬಸ್ಸಿಳಿದವಳು ಸೀದಾ ಊಟಿ ರಸ್ತೆಗೆ ಹೋದೆ. ನಮ್ಮ ಪಕ್ಕದಲ್ಲಿ ಸೀಬೆಹಣ್ಣು ಮಾರುವ ಶಿವಮ್ಮಕ್ಕನಿಗೆ, ನನ್ನ ಜಾಗ ಯಾರಿಗೂ ಬಿಟ್ಟುಕೊಡಬೇಡ, ಎರಡನೇ ಟೆಸ್ಟು ಮುಗಿದ ಮೇಲೆ ಹೇಳುತ್ತೇನೆ ಅಂದೆ. ಅದೂ ಕೈಕೊಟ್ಟರೆ ಕಾಲೇಜು ಬಿಟ್ಟು ಅಲ್ಲೇ ಕೂರುವುದೆಂದು ಮನಸ್ಸಿನಲ್ಲಿ ತೀರ್ಮಾನ ಮಾಡಿಯಾಗಿತ್ತು. ಅವಳು ಸುಮ್ಮನೆ ಬಿಡುವವಳಾ? “ಕಾಲೇಜ್ಗೆ ಸೇರ್ಕಂಡೋಳು ಜಾಗ ಯಾಕಮ್ಮಿ ಇಡುಸ್ಕಳದು? ಎರಡು ಬಸ್ಸಲ್ಲಿ ಒಂದೊಂದ್ ಕಾಲ್ ಇಡಕಾದದಾ?” ಎಂದಳು. ನಕ್ಕುಬಿಟ್ಟೆ. ಜಾಗ ಮಾತ್ರ ಬಿಡಲಿಲ್ಲ.

ಎರಡನೇ ಟೆಸ್ಟು ಬಿದ್ದದ್ದು ಮಾರ್ಲಾಮಿ ಅಮಾವಾಸ್ಯೆಯ ಮಾರನೇ ದಿನ. ಹಬ್ಬದ ರಜೆಯಲ್ಲಿ ರಸಾಯನಶಾಸ್ತ್ರ ಮುಗಿಸುತ್ತೇನೆ ಅಂತ ಲೆಕ್ಕ ಹಾಕಿದ್ದೆ. ಬೆಳಿಗ್ಗೆಯೆಲ್ಲ ಒಲೆಯ ಮುಂದೆ ಕಳೆಯಿತು. ಹಿರಿಯರಿಗೆ ಎಡೆ ಇಡುವುದಕ್ಕೆ ನಿನ್ನ ಅಕ್ಕ, ನನ್ನ ಅತ್ತೆ, ಬಂದಿದ್ದಳು. ನಿನ್ನ ಫೋಟೋದ ಮುಂದೆ ಕೋಳಿ ಸಾರು, ಮುದ್ದೆ, ಕಜ್ಜಾಯ, ಹೊಸ ಲುಂಗಿ, ಒಂದು ಕಟ್ಟು ಬೀಡಿ. ನೀನು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಆಗ ನೆನಪಾಯಿತು. ನನ್ನ ಪುಸ್ತಕ, ನೋಟ್ಸು ಎಲ್ಲ ಒಳಗೆ, ನಿನ್ನ ಫೋಟೋದ ಪಕ್ಕದ ಗೂಡಿನಲ್ಲಿ.

ಚಿಲಕಕ್ಕೆ ಕೈ ಹಾಕಿದೆ. ಅತ್ತೆ ಬಾಗಿಲಿಗೆ ಅಡ್ಡ ಮಣೆ ಹಾಕಿಕೊಂಡು ಕೂತಳು.

“ತಗೀಬ್ಯಾಡ. ಉಣ್ಣಕ್ ಕುಂತೋನು ಎದ್ದೋಯ್ತನೆ.”

“ನಾಳೆ ಟೆಸ್ಟು ಅತ್ತೆ. ಬುಕ್ ತಕಂಡು ಬಂದ್ಬುಡ್ತೀನಿ.”

“ಅವ್ನು ಯಾವತ್ತು ಒತ್ತಿಗ್ ಸರಿಯಾಗಿ ಬಂದು ಉಂಡವ್ನೆ? ಬೇರೆಯೋರ ಮನೇಲಿ ಅರ್ಧ ಗಂಟೆ ಸಾಕು. ನಮ್ಮನೆಗೆ ಅವ್ನು ಬರೋವತ್ಗೆ ದೀಪ ಅಚ್ಚೋ ಒತ್ತಾಯ್ತದೆ. ಕುಂತ್ಕೊ.”

ಜಗಲಿಯ ಮೇಲೆ ಕೂತೆ. ಅಪ್ಪಾ, ಆ ದಿನ ನನಗೆ ಆದ ಭಯವನ್ನು ಹೇಗೆ ಹೇಳಲಿ? ನೀನು ಒಳಗೆ ನಿಧಾನವಾಗಿ ಕಜ್ಜಾಯ ಮುರಿಯುತ್ತಿದ್ದೀಯೇನೋ, ಹೊರಗೆ ನನ್ನ ಇಡೀ ಓದು ನೀರಿಗೆ ಹೋಗುತ್ತಿದೆ. ಅವ್ವ ಹತ್ತಿರ ಬಂದು ಕೂತಳು. “ಅಂಗ್ಯಾಕ್ ಕೈ ಕೈ ಇಸುಕ್ಕತಿಯೆ? ಆ ಬುಕ್ನಲ್ಲಿ ಅದೇನೈತೆ ಅಂತ ನಂಗೇಳು.”

ಸಿಟ್ಟಿನಲ್ಲೇ ಶುರು ಮಾಡಿದೆ. ಲ್ಯಾಬಿನಲ್ಲಿ ಒಂದು ಉದ್ದ ಗಾಜಿನ ಕೊಳವೆಯಿಂದ ಕ್ಷಾರವನ್ನು ಹನಿ ಹನಿಯಾಗಿ ಬಿಡುತ್ತೇವೆ, ಕೆಳಗಿನ, ಬಣ್ಣ ತೋರುವ ಸೂಚಕ ಬೆರೆಸಿದ ನೀರಿನಂಥ ಆಮ್ಲ ಒಂದು ಹನಿಗೆ ತಟ್ಟನೆ ತಿಳಿ ಗುಲಾಬಿಯಾಗುತ್ತದೆ ಅಂದೆ. ಅಷ್ಟು ಹೊತ್ತು ಸುಮ್ಮನಿದ್ದದ್ದು ಆ ಒಂದು ಹನಿಗೆ ಯಾಕೆ ಬಣ್ಣ ತಿರುಗಿತು ಎಂದು ಅವ್ವ ಕೇಳಿದಳು. ಅಲ್ಲಿಯವರೆಗೆ ಬಿದ್ದದ್ದನ್ನೆಲ್ಲ ಆಮ್ಲ ನುಂಗಿಕೊಳ್ಳುತ್ತಿತ್ತು, ನುಂಗಲು ಆಮ್ಲವೇ ಉಳಿಯದಿದ್ದಾಗ ಬಂದ ಹನಿ ಅದು ಅಂದೆ. ಹೇಳುತ್ತಾ ಹೇಳುತ್ತಾ ಅವ್ವ ಆರತಿಗೆ ಅರಿಶಿನದ ನೀರಿಗೆ ಸುಣ್ಣ ಕದಡಿ ಕೆಂಪು ಮಾಡುತ್ತಾಳಲ್ಲ, ಅದಕ್ಕೆ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ, ಅದೂ ಇದೇ ಜಾತಿಯ ಕೆಲಸ ಅಂದುಬಿಟ್ಟೆ. ಇದು ನನ್ನ ನೋಟ್ಸಿನಲ್ಲಿ ಇರಲಿಲ್ಲ. ಎಲ್ಲಿಂದ ಬಂತು?

ಹಾಗಾದರೆ ಅರಿಶಿನದ ಒಳಗೆ ಆಗುವುದೇನು ಎಂದು ಅವ್ವ ಕೇಳಿದಾಗ ಬಾಯಿ ಕಟ್ಟಿತು. ಭೌತಶಾಸ್ತ್ರಕ್ಕೆ ಹಾರಿದೆ, ನಾಲ್ಕು ಮಾತಿಗೆ ನಿಂತಿತು. ಗಣಿತದಲ್ಲಿ ಬಾಯಿ ತೆರೆಯಲೇ ಆಗಲಿಲ್ಲ. ಅತ್ತೆ ಗೋಡೆಗೊರಗಿ, “ಇಸ್ಟೊತ್ತು ವಟಗುಟ್ಟುದ್ಲು, ರೇಟೇ ಏಳ್ನಿಲ್ಲ” ಅಂದಳು. ಆದರೆ ನನಗೆ ರೇಟು ಗೊತ್ತಾಗಿತ್ತು ಅಪ್ಪಾ. ರಸಾಯನದಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದು. ಭೌತದಲ್ಲಿ ಕಾಲು ಭಾಗ. ಗಣಿತದಲ್ಲಿ ಕೈ ಖಾಲಿ. ನನ್ನ ಮಾತಿನಲ್ಲಿ ಹೇಳಲಾಗದ್ದು ನನ್ನ ಹತ್ತಿರ ಇಲ್ಲ, ರೆಕಾರ್ಡಿನಲ್ಲಿ ಎಷ್ಟೇ ಚೆಂದ ಬರೆದಿದ್ದರೂ ಇಲ್ಲ. ಹೆದರಿಕೆ ಕಮ್ಮಿಯಾಗಲಿಲ್ಲ. ಎಲ್ಲ ಕಲಸಿಕೊಂಡು ಒಂದೇ ಗುಡ್ಡೆಯಾಗಿದ್ದದ್ದು ಮೂರು ಗುಡ್ಡೆಯಾಯಿತು, ಅಷ್ಟೇ.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದರು. ಪುಸ್ತಕ ಪೂರ್ತಿ ಓದುವ ಆಸೆ ಬಿಟ್ಟು, ಜಗಲಿಯಲ್ಲಿ ಬಾಯಿ ಕಟ್ಟಿದ ಜಾಗಗಳನ್ನಷ್ಟೇ ಹುಡುಕಿ ಓದಿದೆ. ಮಾರನೇ ದಿನ ರಸಾಯನಶಾಸ್ತ್ರದಲ್ಲಿ ಪೆನ್ನು ನಿಲ್ಲಲಿಲ್ಲ. ಅದರ ಮುಂದಿನ ದಿನದ ಗಣಿತ ಮತ್ತೆ ಕಾಡಿತು. ಮೊದಲ ಸಲದ ಹಾಗೆ ಪೂರ್ತಿ ತಪ್ಪು ಬರೆಯಲಿಲ್ಲ, ಪಾಸಾಗುವಷ್ಟು ಬರೆದೆನೋ ಇಲ್ಲವೋ ತಿಳಿಯದು. ಪೇಪರು ಕೊಟ್ಟು, ಸಾರ್ ಹತ್ತಿರ ಹೋಗಿ, ಮೊದಲ ಪಾಠದಿಂದಲೇ ಗೊತ್ತಿಲ್ಲ ಸಾರ್ ಅಂದೆ. ಶನಿವಾರ ಮಧ್ಯಾಹ್ನ ಬಾ ಅಂದರು. ಹೋಗುತ್ತಿದ್ದೇನೆ. ಈಗ ದಿನಾ ಸಂಜೆ ಆ ದಿನದ ಪಾಠವನ್ನು ಅವ್ವನಿಗೆ ಹೇಳುತ್ತೇನೆ. ಅವಳು ಅರ್ಧದಲ್ಲಿ ತೂಕಡಿಸಿದರೂ ನಾನು ನಿಲ್ಲಿಸುವುದಿಲ್ಲ.

ನಿನಗೆ ಯಾರೂ ಮುಟ್ಟಿಸಿರದ ಸುದ್ದಿ ಒಂದಿದೆ. ನಿನ್ನೆ ಶಿವಮ್ಮಕ್ಕನ ಹತ್ತಿರ ಹೋಗಿ, ನನ್ನ ಜಾಗ ನೀನೇ ಇಟ್ಟುಕೋ ಅಂದೆ. ಗಣಿತದ ಅಂಕ ಬರುವವರೆಗಾದರೂ ತಡೆಯಬಹುದಿತ್ತು. ತಡೆದಿದ್ದರೆ ಕೊಡುತ್ತಿರಲಿಲ್ಲ, ನನ್ನ ಬುದ್ಧಿ ನನಗೆ ಗೊತ್ತು. ಅವಳು ನನ್ನ ಟಾರ್ಪಾಲಿನ ಗೂಟ ಕಿತ್ತು ತನ್ನ ಹಣ್ಣಿನ ಬುಟ್ಟಿಗಳನ್ನು ಆ ಕಡೆಗೂ ಹರಡಿದಳು. ಇವತ್ತು ಕಾಲೇಜಿನ ಬಸ್ಸಿಗೆ ಹೊರಟವಳು ಅತ್ತ ಹೋಗಿ ನೋಡಿದೆ. ನಾನು ಕೂರುತ್ತಿದ್ದ ಕಡೆ ಒಬ್ಬ ಗಿರಾಕಿ ನಿಂತು ಸೀಬೆಹಣ್ಣು ಆರಿಸುತ್ತಿದ್ದ. ವಾಪಸ್ಸು ಹೋಗಿ ಕೂರಲು ಇನ್ನು ಜಾಗವಿಲ್ಲ ಅಪ್ಪಾ.

ನಿನ್ನ ಮಗಳು