ಮೊಲವಾಗಿ ಬಾಳಿದ ಅಕ್ಕನಿಗೆ

ಶಾವೊಶಿಂಗ್,
ಹೊಸ ವರ್ಷದ ನಾಲ್ಕನೆಯ ದಿನ

ಪ್ರೀತಿಯ ಲಾನ್‌ಫೆನ್ ಅಕ್ಕಾ,

ನೀನಿಲ್ಲದ ಮೊದಲ ಹಬ್ಬ. ಬೆಳಿಗ್ಗೆ ನಿಮ್ಮ ಮನೆಗೆ ಹೋಗಿದ್ದೆ. ಸೂತಕದ ಮನೆಯೆಂದು ಬಾಗಿಲಿಗೆ ಹಬ್ಬದ ಕೆಂಪು ಕಾಗದ ಅಂಟಿಸಿರಲಿಲ್ಲ. ಅಲ್ಲಿ ಕೇಳಿದ್ದನ್ನು ನಿನಗೆ ಹೇಳದೆ ಇರಲಾರೆ. ಬರೆದು ಮುಗಿಸಿ ನಿನ್ನ ಸಮಾಧಿಯ ಮುಂದೆ ಸುಡುತ್ತೇನೆ, ತಲುಪುತ್ತದೆ.

ಹನ್ನೆರಡು ಪ್ರಾಣಿಗಳ ವರ್ಷಚಕ್ರದಲ್ಲಿ ನೀನು ಹುಲಿ ವರ್ಷದಲ್ಲಿ ಹುಟ್ಟಿದವಳು. ಹುಲಿ ಹೆಣ್ಣು ಗಂಡನಿಗೆ ಆಗಿಬರುವುದಿಲ್ಲವೆಂದು ಬಂದ ಸಂಬಂಧಗಳೆಲ್ಲ ಹಿಂದೆ ಸರಿದವು. ಕೊನೆಗೆ ಅಮ್ಮ ನಿನ್ನ ವಯಸ್ಸು ಒಂದು ವರ್ಷ ಇಳಿಸಿ, ಮೊಲ ವರ್ಷದವಳೆಂದು ಹೇಳಿ ಮದುವೆ ಗೊತ್ತುಮಾಡಿದಳು. "ನಿದ್ದೆಗಣ್ಣಲ್ಲೂ ಹುಲಿ ಅನ್ಬೇಡ" ಅಂದಾಗ ನೀನು ನಕ್ಕಿದ್ದೆ: "ಹಾಗಾದ್ರೆ ಹುಲ್ಲು ತಿನ್ನೋದು ಕಲೀಬೇಕಾ?"

ಆ ನಗು ಉಳಿಯಲಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ತಮ್ಮ ಪ್ರಾಣಿಯ ವರ್ಷ ಮರಳಿದಾಗ ಕೇಡು ತಟ್ಟದಿರಲೆಂದು ಎಲ್ಲರೂ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟುತ್ತಾರೆ. ಹುಲಿ ವರ್ಷದಲ್ಲಿ ನೀನು ಕದ್ದುಮುಚ್ಚಿ ಕಟ್ಟಿಕೊಂಡೆ. ಮರುವರ್ಷ ಮೊಲದ ಸರದಿ. ನಿಮ್ಮತ್ತೆ ತಾವೇ ಹೊಲಿದು ನಿನಗೆ ಕಟ್ಟಿ, "ನನ್ನ ಮೊಲದ ಮರಿಗೆ ಯಾರ ಕಣ್ಣೂ ಬೀಳದಿರ್ಲಿ" ಅಂದರಂತೆ. ಕಾಲುವೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಾ ನೀನು ನನ್ನೆದುರು ಅತ್ತುಬಿಟ್ಟೆ. "ಬೈದಿದ್ರೆ ತಡ್ಕೋತಿದ್ದೆ ಕಣೇ, ಅವ್ರು ಪ್ರೀತಿ ಮಾಡ್ತಾರೆ."

ಮೊಮ್ಮಗಳು ಹುಟ್ಟಿದಾಗ ಬಾಣಂತಿಯ ಕೋಣೆಗೆ ಹುಲಿ ವರ್ಷದವರು ಹೋಗಬಾರದಲ್ಲ. ನಿನ್ನನ್ನು ಯಾರೂ ತಡೆಯಲಿಲ್ಲ. ನೀನು ಹುಲಿಯೆಂದು ಯಾರಿಗೂ ಗೊತ್ತಿಲ್ಲವೆಂದೇ ನಾವು ನಂಬಿದ್ದೆವು. ನೀನೇ ನೆಗಡಿಯೆಂದು ಸುಳ್ಳು ಹೇಳಿ ಹೊರಗುಳಿದೆ. ಕೂಸಿಗೆಂದು ಹೊಲಿದ ಹುಲಿಮುಖದ ಪುಟ್ಟ ಬೂಟುಗಳನ್ನು ಬಾಗಿಲ ಸಂದಿಯಿಂದ ಕೊಟ್ಟೆ. ಬಟ್ಟೆಯ ಹುಲಿ ಕೂಸನ್ನು ಕಾಯುತ್ತದೆ, ಅಜ್ಜಿ ಹುಲಿ ಮಾತ್ರ ಕಂಟಕ! ಆಮೇಲೂ ಕೇಡು ತಟ್ಟೀತೆಂಬ ಅಂಜಿಕೆಗೋ ಏನೋ, ನೀನು ಆ ಮಗುವನ್ನು ಎತ್ತಿಕೊಂಡದ್ದು ನಾನು ನೋಡಲಿಲ್ಲ.

ಇವತ್ತು ನಿನ್ನ ಸೊಸೆ ತನ್ನ ಹಳೆಯ ದೂರನ್ನೇ ಮತ್ತೆ ಎತ್ತಿದಳು: "ಅತ್ತೆಗೆ ಈ ಮಗು ಅಂದ್ರೆ ಅಷ್ಟಕ್ಕಷ್ಟೇ ಇತ್ತು." ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಭಾವ ಚಹಾ ಬಟ್ಟಲು ಕೆಳಗಿಟ್ಟರು.

"ನಂಗೆ ಗೊತ್ತಿತ್ತಮ್ಮ. ನಿಶ್ಚಯದ ದಿನಾನೇ ನಿಮ್ಮಪ್ಪ ಕುಡಿದು ಕಿವೀಲಿ ಹೇಳಿದ್ರು, ನನ್ನ ಹುಲಿಮರೀನ ಚೆನ್ನಾಗಿ ನೋಡ್ಕೋ ಅಂತ."

"ಮತ್ತೆ ಅವಳಿಗ್ಯಾಕೆ ಹೇಳ್ಲಿಲ್ಲ?"

"ಗೊತ್ತು ಅಂದ್ರೆ ನಾಚ್ಕೊಂಡು ಕುಗ್ಗಿಹೋಗ್ತಾಳೆ ಅನ್ನಿಸ್ತು. ನಾನು ಅದನ್ನೆಲ್ಲ ನಂಬ್ತಿರ್ಲಿಲ್ಲ. ಅವಳು ನಂಬಿದಾಳೆ ಅಂತ ಹೊಳೀಲೇ ಇಲ್ಲ."

ಒಂದು ಮಾತು ಅಕ್ಕಾ, ಒಂದೇ ಒಂದು ಮಾತು ಅವರು ಆಡಿದ್ದರೆ! ಜಗಳವಾಡಬೇಕೆನಿಸಿತು. ಆದರೆ ಅವರು ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಸೊಸೆ ಎದ್ದು ಒಳಗೆ ಹೋದಳು. ನಿದ್ದೆಯಿಂದ ಎದ್ದ ಮಗಳನ್ನು ಕಂಕುಳಲ್ಲಿ ಹೊತ್ತು ತಂದು, ಗೋಡೆಯ ಮೇಲಿನ ನಿನ್ನ ಫೋಟೋದ ಮುಂದೆ ಎರಡೂ ಕೈಯಿಂದ ಎತ್ತಿ ಹಿಡಿದಳು.

"ಎತ್ಕೊಳ್ಳಿ ಅತ್ತೆ" ಅಂದಳು.

ಮಗು ಗಾಜಿನ ಮೇಲೆ ಕೆನ್ನೆಯಿಟ್ಟಿತು. ಬಹಳ ಹೊತ್ತು ಅವಳು ಕೈ ಇಳಿಸಲಿಲ್ಲ.

ಇರುವಲ್ಲಿ ಹುಲಿಯಾಗಿಯೇ ಇರು ಅಕ್ಕಾ. ಇನ್ನು ಯಾರಿಗೂ ಅಂಜಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ ತಂಗಿ,
ಸುಯುನ್