ಅಪ್ರೀಶಿಯೇಟ್ ಅಂದರೆ ಒಪ್ಪಿಗೆಯಲ್ಲ

ಅರಕಲಗೂಡು, ೨ ಜೂನ್ ೧೯೪೧, ಸೋಮವಾರ

ಇವತ್ತೂ ಅದೇ ಪದ. ಅಪ್ರೀಶಿಯೇಟ್. ಇವರಿಗೆ ಹಗಲೆಲ್ಲ ಸ್ಕೂಲಿನ ಹುಡುಗರಿಗೆ ಇಂಗ್ಲಿಷ್ ಹೇಳಿದ್ದು ಸಾಲದು, ಸಂಜೆ ಹೆಂಡತಿಗೂ ಪಾಠ. "ಬರೀ ಮೆಚ್ಚೋದಲ್ಲ ನೀಲಾ, ಬೆಲೆ ಅರಿತು ಮೆಚ್ಚೋದು. ವಾಕ್ಯ ಮಾಡು."

"ಐ ಅಪ್ರೀಶಿಯೇಟ್ ಮೈ ಹಸ್ಬೆಂಡ್" ಅಂದೆ. ಸರಿಯಿಲ್ಲವಂತೆ! ಗುಣ ಹೆಸರಿಸಿ ಹೇಳಬೇಕಂತೆ.

"ಯಾವ ಗುಣ ಅಂತ ನೀವೇ ಹೇಳಿ."

ಪುಸ್ತಕ ಮುಚ್ಚಿ ಎದ್ದರು. ಸದ್ಯ.

೪, ಬುಧವಾರ

ಹೆಣ್ಣುಮಕ್ಕಳ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಜಯಲಕ್ಷ್ಮಮ್ಮ ಬಂದಿದ್ದರು. ಅಲ್ಲಿನ ಒಬ್ಬ ಟೀಚರಿಗೆ ಹಾಸನಕ್ಕೆ ವರ್ಗ. "ಲೋಯರ್ ಸೆಕೆಂಡ್ರಿ ಪಾಸಾದೋರು ನೀವು. ಸೋಮವಾರದಿಂದ ಬಂದ್ಬುಡಿ ನೀಲಾಂಬಿಕೆ" ಅಂದರು.

ಮದುವೆಯಾದ ಮೇಲೆ ನನ್ನನ್ನು ಯಾರೂ ಯಾತಕ್ಕೂ ಹೀಗೆ ಕರೆದಿರಲಿಲ್ಲ. ಬಾಯಿ ತೆರೆಯುವುದರೊಳಗೆ ಇವರು, ಭಾರಿ ಗತ್ತಿನಲ್ಲಿ— "ಐ ಅಪ್ರೀಶಿಯೇಟ್ ಯುವರ್ ಆಫರ್, ಬಟ್..."

ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. "ಸಂತೋಷ ಮೇಷ್ಟ್ರೇ! ಒಪ್ಕೊಂಡ್ರಲ್ಲ" ಎಂದು ಹೊರಟೇಬಿಟ್ಟರು.

ಆಮೇಲೆ ನನ್ನ ಮೇಲೆ ಕೂಗಾಟ. "ಅಪ್ರೀಶಿಯೇಟ್ ಅಂದ್ರೆ ಒಪ್ಪಿಗೆ ಅಲ್ಲ ಕಣೇ! ಹೆಂಡ್ತೀನ ಕೆಲ್ಸಕ್ಕೆ ಕಳಿಸಿದ್ರೆ ಊರೋರು ಏನಂತಾರೆ?"

"ಜಯಲಕ್ಷ್ಮಮ್ಮನೋರಿಗೇ ಹೇಳಿ ಬನ್ನಿ. ನನ್ನ ಕೇಳಿದ್ರೆ ನಾನು ಹೋಗ್ತೀನಿ."

ಹೇಳಿಯೇಬಿಟ್ಟೆ.

೫, ಗುರುವಾರ

ಇಲ್ಲವೆಂದು ಹೇಳಿಬರಲು ಕೊಡೆ ಹಿಡಿದು ಹೊರಟರು. ಅರ್ಧ ದಾರಿಯಿಂದಲೇ ವಾಪಸ್. ಸುದ್ದಿ ಆಗಲೇ ಊರೆಲ್ಲ ಹಬ್ಬಿದೆ. ಆ ಸ್ಕೂಲಿಗೆ ಮಗಳನ್ನು ಕಳಿಸುವ ಲಕ್ಕಯ್ಯ ಎದುರಿಗೆ ಸಿಕ್ಕಿ ಕೈಮುಗಿದನಂತೆ. "ಅಮ್ಮಾವ್ರುನ್ನ ಇಸ್ಕೂಲ್ಗೆ ಕಳಿಸ್ತೀರಂತಲ್ಲ ಸಾ. ನಿಮ್ಮಂತೋರು ಇನ್ಯಾರವ್ರೆ!"

ಇವರು "ಹ್ಞೂಂ" ಅಂದು ಬಂದಿದ್ದಾರೆ. ಹೊಗಳಿಕೆ ಬೇಕು, ನಾನು ಹೋಗುವುದು ಬೇಡ. ಇವರ ಜೊತೆ ಏಗುವುದು ಹೇಗೆ!

೯, ಸೋಮವಾರ, ಸಂಜೆ

ಹೋಗಿಬಂದೆ. ಕ್ಲಾಸಲ್ಲ, ಸಂತೆ. ಕೂಗಿ ಕೂಗಿ ಗಂಟಲು ಬಿದ್ದಿದೆ. ಮನೆಯಲ್ಲಿ ಇವರು ಮುಖಕ್ಕೆ ಪೇಪರು ಹಿಡಿದು ಕೂತಿದ್ದರು. ಕೊನೆಗೆ ಪೇಪರಿನ ಹಿಂದಿನಿಂದ— "ಮಕ್ಳು ಗಲಾಟೆ ಮಾಡಿದ್ವಾ?"

"ಮಾಡಿದ್ವು."

"ನೀನೂ ಕೂಗ್ದೆ ತಾನೆ? ಕೂಗ್ಬಾರ್ದು. ಸುಮ್ನೆ ನಿಂತ್ಕೋಬೇಕು."

ಎದ್ದು ನಿಂತು ತೋರಿಸಿದರು. ಥೇಟ್ ಕಂಬ. ನಗು ತಡೆಯಲಾಗಲಿಲ್ಲ. "ನಾಳೆ ಹೀಗೆ ನಿಂತು ನೋಡು, ಆಮೇಲೆ ನಗು" ಎಂದು ರೇಗಿದರು.

ನಾಳೆ! ಇವರ ಬಾಯಲ್ಲೇ ಬಂತು.

ಮತ್ತೆ ಕರೆಯುತ್ತಿದ್ದಾರೆ. ಕೈ ಎಲ್ಲಿಟ್ಟುಕೊಳ್ಳಬೇಕೆಂದು ಹೇಳುವುದು ಮರೆತರಂತೆ. ಬಂದೆ ಅಂದೆ—